ಸಂಡೂರಿನ ಇಳಿಜಾರು

ನವೆಂಬರ್ 14, ಗುರುವಾರ

ಕಾರಿಗೆ ಇಷ್ಟೊಂದು ಮೋಡ್ ಯಾಕೆ ಬೇಕೋ. ಊರೊಳಗೆ ಇಕೋ, ಹೆದ್ದಾರಿಗೆ ಸ್ಪೋರ್ಟ್, ಇಳಿಜಾರಿಗೆ ಇನ್ನೊಂದು. ಇಂದು ಸಂಡೂರಿನ ಘಾಟಿ ಇಳಿಯುವಾಗ ಮಗಳು ಸುಮಲತಾ ಆ ಇಳಿಜಾರಿನ ಗುಂಡಿ ಒತ್ತಿದಳು. ಕಾರು ಗುರ್ ಎನ್ನುತ್ತ ಆಮೆಯ ಹಾಗೆ ಇಳಿಯಿತು. ನನಗೆ ರೇಗಿತು.

"ಎಣ್ಣಿ ಯಾಕ ದಂಡ ಮಾಡ್ತಿ? ನ್ಯೂಟ್ರಲ್‌ಗೆ ಹಾಕು, ತಾನ ಇಳೀತೈತಿ."

"ಬ್ಯಾಡಪ್ಪ. ಈ ಮೋಡಿನಾಗ ಗಾಡಿ ತಡಕೊಂಡು ಇಳೀತೈತಿ. ನ್ಯೂಟ್ರಲ್‌ದಾಗ ಇಂಜಿನ್ ಹಿಡಿಯಂಗಿಲ್ಲ. ಭಾರ ಎಲ್ಲ ಬ್ರೇಕಿನ ಮ್ಯಾಲ ಬಿದ್ದು, ಕಾದು ಕೈ ಕೊಡ್ತಾವ."

"ನನಗ ಕಲಿಸಬ್ಯಾಡ. ಮೂವತ್ತು ವರ್ಷ ಅದಿರಿನ ಲಾರಿ ಹಂಗ ಇಳಿಸೀನಿ. ನಿಮ್ಮ ಸಣ್ಣಪ್ಪ ಗಾದಿಲಿಂಗಗೂ ನಾನ ಕಲಿಸಿದ್ದು."

ಹಿಂದಿನ ಸೀಟಿನಲ್ಲಿ ನನ್ನ ತಮ್ಮ ಗಾದಿಲಿಂಗನ ಹೆಂಡತಿ ವಿರುಪಮ್ಮ ಇದ್ದಳು. ಅವನು ಲಾರಿ ಸಮೇತ ಇದೇ ಘಾಟಿಯಲ್ಲಿ ಉರುಳಿ ಸತ್ತು ಹದಿನೇಳು ವರ್ಷವಾಯಿತು. ಬ್ರೇಕ್ ಫೇಲ್ ಎಂದು ಎಲ್ಲರಿಗೂ ಹೇಳಿದವನು ನಾನೇ, ನಂಬಿದವನೂ ನಾನೇ. ಹಳೆ ಗಾಡಿ ಕೊಟ್ಟನೆಂದು ಅವಳು ಲಾರಿ ಮಾಲೀಕನನ್ನು ಇಂದಿಗೂ ಶಪಿಸುತ್ತಾಳೆ.

"ಬಾವ, ಹಂಗಾದ್ರ ಆವತ್ತು ಬ್ರೇಕ್ ತಾನ ಕೆಡಲಿಲ್ಲೇನು?" ಎಂದಳು.

"ಸುಮ್ನ ಕುಂದ್ರು. ನಿನಗೇನ ತಿಳೀತೈತಿ," ಎಂದು ಗದರಿದೆ.

ರಾತ್ರಿ ಹೊಸಪೇಟೆಯ ಮನೆಯಲ್ಲಿ ಊಟಕ್ಕೆ ಕೂತೆ. ದಿನಾ ಎದುರು ಕೂತು ಬಡಿಸುವ ವಿರುಪಮ್ಮ ಇಂದು ತಾಟು ಇಟ್ಟು ಒಳಗೆ ಹೋದಳು. ನಾನು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ.

ಬೆಳಿಗ್ಗೆ ಅವಳ ಮುಂದೆ ಕೂತು ಹೇಳಬೇಕು, ಮಾಲೀಕನನ್ನು ಬೈಯಬೇಡ, ಗಾದಿಲಿಂಗನಿಗೆ ನ್ಯೂಟ್ರಲ್‌ನಲ್ಲಿ ಇಳಿಸಲು ಕಲಿಸಿದವನು ನಾನು ಎಂದು. ಗದರಿ ಗದರಿಯೇ ಪಳಗಿದ ಬಾಯಿ ಇದು. ಇಂಥ ಮಾತನ್ನು ಹೇಗೆ ಶುರು ಮಾಡುವುದೋ ಗೊತ್ತಿಲ್ಲ.