ಸ್ವಾಗತದ ವಿಡಿಯೊದಲ್ಲಿ ಹೇಳಿದ ಮಾತು

ಜಲಜಕ್ಕಾ,

ಈ ಪತ್ರವನ್ನು ನಿಮಗೆ ಕಳಿಸುವ ಧೈರ್ಯ ನನಗಿಲ್ಲ. ಆದರೂ ನಿಮಗಲ್ಲದೆ ಬೇರೆ ಯಾರಿಗೂ ಇದನ್ನು ಹೇಳುವಂತಿಲ್ಲ.

ನಮ್ಮ ಪಾರ್ಕ್ ಸ್ಟ್ರೀಟ್ ಆಫೀಸಿಗೆ ಹೊಸಬರು ಸೇರಿದ್ದಾರೆ. ಅವರನ್ನು ಸ್ವಾಗತಿಸುವ ವಿಡಿಯೊದಲ್ಲಿ ಮಾತಾಡಲು ಅಶ್ವತ್ಥನಾರಾಯಣ ಸಾರ್ ನನ್ನನ್ನೇ ಆರಿಸಿದರು. ಸೋಮವಾರ, ನೀವು ಕೂರುತ್ತಿದ್ದ ಮೇಜಿನ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ, ಹೇಳಬೇಕಾದ್ದನ್ನು ಬರೆದ ಹಾಳೆ ಕೊಟ್ಟರು. ಅದರ ಕೊನೆಯ ಸಾಲು, "ಇಲ್ಲಿ ಹೆಣ್ಣುಮಕ್ಕಳು ಯಾರ ಮೇಲಾದರೂ ನಿರ್ಭಯವಾಗಿ ದೂರು ಕೊಡಬಹುದು."

ಎರಡು ಸಲ ಅಲ್ಲಿಗೆ ಬಂದಾಗಲೇ ತಡವರಿಸಿದೆ. ಸಾರ್ ಹತ್ತಿರ ಬಂದು, ಬೇರೆಯವರಿಗೆ ಅರ್ಥವಾಗದಂತೆ ಕನ್ನಡದಲ್ಲಿ ಕೇಳಿದರು: "ಯಾಕಮ್ಮ ಹಂಸಾ, ಜಲಜಾಕ್ಷಿ ನೆನಪಾದ್ಲಾ? ಸ್ವಲ್ಪ ನಗ್ತಾ ಹೇಳು."

ನಕ್ಕೆ ಅಕ್ಕಾ. ಮೂರನೆಯ ಸಲ ತಡವರಿಸದೆ ಹೇಳಿದೆ. ಸಾರ್ ಮೇಲೆ ನೀವು ಕೊಟ್ಟ ದೂರಿನ ವಿಚಾರಣೆಯಲ್ಲಿ "ನಾನೇನೂ ನೋಡಿಲ್ಲ" ಎಂದಿದ್ದೆನಲ್ಲ, ಹಾಗೆಯೇ.

ಇವತ್ತು ವಿಡಿಯೊ ತೋರಿಸಿದರು. ಮುಗಿದ ಮೇಲೆ ಬೆಹಾಲಾದಿಂದ ಬರುವ ಪಿಯಾಲಿ ಎಂಬ ಹೊಸ ಬಂಗಾಳಿ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು.

"ದೀದಿ, ಆರು ಗಂಟೆಗೆ ಒಬ್ಬಳೇ ಕ್ಯಾಬಿನ್‌ಗೆ ಬಾ ಅಂತ ಸಾರ್ ಹೇಳಿದಾರೆ. ಹೋಗ್ಲಾ?" ಎಂದು ಹಿಂದಿಯಲ್ಲಿ ಕೇಳಿದಳು.

"ನಾನೂ ಬರ್ತೀನಿ" ಅಂದೆ.

ಇಬ್ಬರೂ ಒಳಗೆ ಹೋದಾಗ ಸಾರ್ ನನ್ನನ್ನು ಬಹಳ ಹೊತ್ತು ನೋಡಿದರು. ಅವಳಿಗೆ ಹೋಗಲು ಹೇಳಿ, "ನೀನು ಕೂತ್ಕೋ ಹಂಸಾ" ಅಂದರು. ನಾನು ಕೂರಲಿಲ್ಲ. ಪಿಯಾಲಿಯ ಕೈ ಹಿಡಿದು ಹೊರಗೆ ಬಂದೆ.

ನಾಳೆ ಹತ್ತು ಗಂಟೆಗೆ ಮತ್ತೆ ಅದೇ ಆಫೀಸಿಗೆ ಹೋಗಬೇಕು. ದೂರು ಕೊಟ್ಟ ಮೇಲೆ ಅಷ್ಟು ದಿನ ನೀವು ಒಬ್ಬರೇ ಹೇಗೆ ಹೋಗಿಬರುತ್ತಿದ್ದಿರಿ ಅಕ್ಕಾ?

ಹಂಸಾ