ಹಾವಿನ ಹಿಂದಿನ ಬಾಗಿಲು

ಕುಮಟಾ
೨೦-೯-೧೯೮೬

ಪ್ರೀತಿಯ ತಮ್ಮ ಕೃಷ್ಣಾನಂದನಿಗೆ ನರ್ಮದಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಬಂದು ವಾರವಾಯಿತು. ಶಾಲೆಯ ಮಕ್ಕಳ ಪರೀಕ್ಷೆ ಎಂದು ನೆಪ ಹೇಳಬಹುದು, ಆದರೆ ನಿಜವೆಂದರೆ ಸಿಟ್ಟಿತ್ತು, ಬರೆಯಲಿಲ್ಲ. ಇಲ್ಲಿ ಎಲ್ಲ ಕ್ಷೇಮ. ಆಯಿಯ ಮೊಣಕಾಲು ನೋವು ಕಡಿಮೆಯಾಗಿದೆ. ಹೊನ್ನಾವರದ ಮೀನುಪೇಟೆಯ ವಾಸನೆ ನಿನ್ನ ಹೆಂಡತಿಗೆ ರೂಢಿಯಾಯಿತೆ?

ಚೌತಿಗೆ ನೀವು ಬಂದಾಗ ಆಟದ ಪೆಟ್ಟಿಗೆ ತೆಗೆದವನು ನೀನೇ. ಹಡಗಿನ ಕೆಲಸದ ಸೋದರಮಾವ ಅದನ್ನು ತಂದುಕೊಟ್ಟಂದಿನಿಂದ ಅದು ನಮ್ಮಿಬ್ಬರದೇ ಆಟ. ನಾನು ಕಥೆ ಹೇಳಬೇಕು, ನೀನು ವೀರನಾಗಿ ಒಳಗೆ ಹೋಗಬೇಕು, ಸೋಲು ಗೆಲುವು ದಾಳ ಹೇಳಬೇಕು. ನಿನಗೆ ನೌಕರಿಯಾದ ಮೇಲೂ ಶನಿವಾರ ಬಂದವನು ಕೈಕಾಲು ತೊಳೆದು ಆಟಕ್ಕೇ ಕೂರುತ್ತಿದ್ದೆ. ಕಥೆಯಲ್ಲಿ ಯಾಣದ ಬಂಡೆಯ ಅಡಿಯಲ್ಲಿ, ನೆಲದೊಳಗೆ, ನಾಗಪಂಥದವರ ಗುಡಿ ಕಟ್ಟಿದವಳು ನಾನು. ಒಳಕೋಣೆಯ ಬಾಗಿಲಿಗೆ ಹೆಡೆಯೆತ್ತಿ ಕೂತ ಹಾವನ್ನು ಕೊಂದು ದಾಟಬೇಕು. ನೀನು ಒಮ್ಮೆಯೂ ಕತ್ತಿ ಎತ್ತಲಿಲ್ಲ. ಸತ್ತ ನಾಗನಿಗೆ ಮನುಷ್ಯರಂತೆ ಸಂಸ್ಕಾರ ಮಾಡುವ ಮನೆಯವನಲ್ಲವೆ. ಹಾಲಿಟ್ಟು ಕೈಮುಗಿದು, "ಮುಂದಿನ ಸಲ ನೋಡನ, ಅಕ್ಕಾ" ಎಂದು ಹಿಂದೆ ಬರುತ್ತಿದ್ದೆ.

ನಿನ್ನ ಹೆಂಡತಿ ಮಹಾಲಕ್ಷ್ಮಿ ಆಟಕ್ಕೆ ಕೂತ ಮೊದಲ ದಿನವೇ ದಾಳ ಎಸೆದು ಆ ಹಾವನ್ನು ಕೊಂದಳು. "ಅತ್ಗೆ, ಹಾವು ಸತ್ತೋತು. ಬಾಗ್ಲ ಹಿಂದೆ ಎಂತ ಇದ್ದು?" ಎಂದು ಕೇಳಿದಳು. ನೀನು ಚಪ್ಪಾಳೆ ತಟ್ಟಿದೆ. ನನಗೆ ಹೊಟ್ಟೆಕಿಚ್ಚಾಯಿತು, ಮುಚ್ಚಿಡುವುದೇನು. ಅವಳ ಮೇಲೆ ಒಂದು ಪಾಲಾದರೆ ನಿನ್ನ ಚಪ್ಪಾಳೆಯ ಮೇಲೆ ಮೂರು ಪಾಲು. ಚಹಾ ಆರುತ್ತದೆಂದು ಹೇಳಿ ಪೆಟ್ಟಿಗೆ ಮುಚ್ಚಿದೆ.

ನೀವು ಬಸ್ಸು ಹತ್ತಿದ ಮೇಲೆ ಆಟಕ್ಕೆಂದು ನಾನು ಕಾಗದದಲ್ಲಿ ಬರೆದಿದ್ದ ಹಾವಿನ ಚಿತ್ರಕ್ಕೆ ತುಪ್ಪ ಬಿಟ್ಟು ಬಚ್ಚಲೊಲೆಯಲ್ಲಿ ಸುಟ್ಟೆ, ತಲೆಗೆ ನೀರು ಹಾಕಿಕೊಂಡೆ. ಆಯಿ ನಗುತ್ತಾಳೆ ಅಂದುಕೊಂಡಿದ್ದೆ. "ಕಾಗದದ್ದಾದ್ರೂ ನಾಗ ನಾಗನೇ. ಹಾಂಗೇ ಬಿಡಲಾಗ್ತಿಲ್ಲೆ" ಎಂದು ತಾನೂ ಹೋಗಿ ಮಿಂದಳು. ಕೊಂದವಳು ಮೀಯಲಿಲ್ಲ, ನಾವಿಬ್ಬರು ಮಿಂದೆವು.

ಬಾಗಿಲ ಹಿಂದೇನಿದೆ ತಿಳಿಸು, ಪೆಟ್ಟಿಗೆಯನ್ನೂ ಕಳಿಸು, ಮುಂದಿನ ಆಟ ನಾವಿಬ್ಬರೇ ಆಡಿಕೊಳ್ಳುತ್ತೇವೆ ಎಂದು ಬರೆದಿದ್ದೀಯ. 'ನಾವಿಬ್ಬರು' ಅಂದರೆ ಈಗ ಯಾರೆಂದು ತಿಳಿಯಿತು. ಪೆಟ್ಟಿಗೆಯನ್ನು ಹೊನ್ನಾವರದ ಬಸ್ಸಿನ ಕಂಡಕ್ಟರ್ ಸುಬ್ಬನ ಕೈಯಲ್ಲಿ ಕಳಿಸುತ್ತಿದ್ದೇನೆ. ದಾಳಗಳನ್ನು ಒದ್ದೆ ಕೈಯಲ್ಲಿ ಮುಟ್ಟಬೇಡಿ, ಅಂಕಿ ಅಳಿಸುತ್ತದೆ.

ಇಬ್ಬರೂ ಜಗಳವಾಡದೆ, ಆಡಿದರೂ ಉಂಡು ಮಲಗುವುದರೊಳಗೆ ಮುಗಿಸಿ, ನೂರು ಕಾಲ ಬಾಳಿ.

ಇತಿ,
ನಿನ್ನ ಅಕ್ಕ
ನರ್ಮದಾ

ತಾ.ಕ.: ಬಾಗಿಲ ಹಿಂದೆ ಏನೂ ಇಲ್ಲ, ತಮ್ಮಾ. ನಾನು ಅಲ್ಲಿ ಏನನ್ನೂ ಕಟ್ಟಿರಲಿಲ್ಲ. ನೀನು ಹಾವನ್ನು ದಾಟಿಬಿಟ್ಟಿದ್ದರೆ ಆಟ ಮುಗಿಯುತ್ತಿತ್ತು. ಆಮೇಲೆ ಶನಿವಾರ ಮನೆಗೆ ಬರುವುದಕ್ಕೆ ನಿನಗೆ ಏನಿತ್ತು?