ಎಡಗಾಲಿನ ಬೂಟು

ಅಂಗಡಿ ಮೇಲಿನ ಮನೆ
ಮಾರ್ಚ್ 14, ಶುಕ್ರವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಹಡಗಿನ ಅಡುಗೆಮನೆಯಲ್ಲಿ ಎಲ್ಲರಿಗೂ ಬಡಿಸಿ ನೀನು ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಳ್ಳುತ್ತಿಲ್ಲ ತಾನೆ? ಕೈ ಸುಟ್ಟುಕೊಂಡೆ ಎಂದು ಬರೆದಿದ್ದೆ, ಗಾಯ ಮಾಯಿತೇ? ಈ ಕಾಗದ ಮುಟ್ಟುವಾಗ ಯಾವ ಬಂದರಿನಲ್ಲಿರುತ್ತೀಯೋ ಗೊತ್ತಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಅಪ್ಪ ಈಗ ಹುಷಾರಾಗಿದ್ದಾರೆ. ‘ಈಗ’ ಎಂದದ್ದಕ್ಕೆ ಗಾಬರಿಯಾಗಬೇಡ, ಕೂತು ಓದು.

ಹೋದ ತಿಂಗಳು ಅಪ್ಪ ಕಾರ್ಖಾನೆಯ ಬೂಟು ಹಿಡಿದು ನನ್ನ ಚಪ್ಪಲಿ ಅಂಗಡಿಗೆ ಇಳಿದು ಬಂದರು. “ಎಡಗಡೇದು ಯಾಕೋ ಬಿಗಿ ಆಗಿದೆ, ಸ್ವಲ್ಪ ಹಿಗ್ಗಿಸಿ ಕೊಡಮ್ಮ” ಎಂದರು. ನಿವೃತ್ತಿಗೆ ಇನ್ನು ನಲವತ್ತು ದಿನ; ಬೂಟಿಲ್ಲದೆ ಗೇಟಿನವನು ಯಾರನ್ನೂ ಒಳಗೆ ಬಿಡುವುದಿಲ್ಲ. ಒಳಗೆ ನೀರು, ಸ್ಪಿರಿಟ್ ಸವರಿ, ಅಮ್ಮನ ಕಾಲದ ಮರದ ಅಚ್ಚು ತುರುಕಿ, ದಿನಕ್ಕೆ ಅರ್ಧ ಸುತ್ತಿನಂತೆ ತಿರುಪು ಬಿಗಿದೆ. ಚರ್ಮ ಕಿರ್ರೆಂದು ನರಳಿ ಕೊನೆಗೆ ಮಣಿಯಿತು. ಹತ್ತೇ ದಿನಕ್ಕೆ ಮತ್ತೆ ತಂದರು. ಮತ್ತೆ ಎಡಗಡೆಯದೇ. “ಅಪ್ಪಾ, ನಿಮ್ಮ ಕಾಲೇನು ಈಗ ಪ್ರಾಯಕ್ಕೆ ಬಂತಾ?” ಎಂದು ತಮಾಷೆ ಮಾಡಿದೆ ಕಣೋ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಅವರೂ ನಕ್ಕರು. ಮತ್ತೆ ಹಿಗ್ಗಿಸಿಕೊಟ್ಟೆ.

ಹೋದ ಶನಿವಾರ ಬೆಳಿಗ್ಗೆ ಮೂರನೇ ಸಲ ಬಂದರು. ಹತ್ತು ನಿಮಿಷದಲ್ಲಿ ಆಗಬೇಕಂತೆ. ಚರ್ಮ ಆಗಲೇ ಹಪ್ಪಳದಷ್ಟು ತೆಳುವಾಗಿತ್ತು, ಇನ್ನೊಂದು ಸುತ್ತು ಬಿಗಿದರೆ ಹೊಲಿಗೆ ಹರಿಯುತ್ತಿತ್ತು. ಎಲ್ಲಿ ಬಿಗಿ ಎಂದು ನೋಡಲು ಒಳಗೆ ಕೈ ಹಾಕಿದೆ. ಬೆರಳಿಗೆ ಚುಚ್ಚಿತು. ಅಡಿಯ ಅಟ್ಟೆಯಿಂದ ಅಕ್ಕಿಕಾಳಿನಷ್ಟು ಮೊಳೆಯ ತುದಿ ಮೇಲೆದ್ದಿತ್ತು. ಅದರ ಸುತ್ತ ಚರ್ಮ ಕಪ್ಪಗೆ, ಗಟ್ಟಿಯಾಗಿ, ಏನೋ ಒಣಗಿ ಅಂಟಿತ್ತು. ಮೂಸಿದೆ. ಕೀವಿನ ವಾಸನೆ.

“ಅಪ್ಪಾ, ಕಾಲು ತೋರ್ಸಿ” ಎಂದೆ. “ಮೊದಲು ಬೂಟು ಕೊಡು, ಶಿಫ್ಟಿಗೆ ಹೊತ್ತಾಯ್ತು” ಎಂದರು. ಕೊಡಲಿಲ್ಲ. ಬೂಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಜೀವಮಾನದಲ್ಲಿ ನನ್ನ ಮೇಲೆ ಕೂಗದ ಅಪ್ಪ ಅವತ್ತು ಬೀದಿಗೆ ಕೇಳುವಂತೆ ಕೂಗಿದರು. ಬರಿಗಾಲಲ್ಲೇ ಹೋಗುತ್ತೇನೆಂದು ಎದ್ದರು, ತೂರಾಡಿ ಸ್ಟೂಲಿನ ಮೇಲೆ ಕುಸಿದರು. ಮೈ ಕೆಂಡದಂತೆ ಸುಡುತ್ತಿತ್ತು. ಕಾಲುಚೀಲ ಅಂಟಿಕೊಂಡಿತ್ತು, ನೀರು ಹಾಕಿ ನೆನೆಸಿ ಬಿಡಿಸಿದೆ. ಎರಡು ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಅಡಿಯಲ್ಲಿ ತೂತು.

“ನೋವಿಲ್ವಾ ಅಪ್ಪಾ?”

“ಇಲ್ವಲ್ಲ.”

ಹಿಮ್ಮಡಿಯನ್ನು ಉಗುರಿನಿಂದ ಒತ್ತಿ ಹಿಡಿದೆ. ಅವರು ನನ್ನ ಮುಖವನ್ನೇ ನೋಡುತ್ತಾ, “ಮುಟ್ಟಿದ್ಯಾ?” ಎಂದು ಕೇಳಿದರು. ಆ ಒಂದು ಮಾತು ಇನ್ನೂ ಕಿವಿಯಲ್ಲಿದೆ ಕಣೋ.

ಪಕ್ಕದ ಟೈಲರಮ್ಮ ಆಟೋ ಕರೆದರು, ಆಸ್ಪತ್ರೆಗೆ ಒಯ್ದೆವು. ಸಕ್ಕರೆ ಕಾಯಿಲೆ ಹೆಚ್ಚಾಗಿ ಕಾಲಿನ ಸ್ಪರ್ಶವೇ ಸತ್ತಿದೆಯಂತೆ. ಜೊತೆಗೆ ಒಯ್ದಿದ್ದ ಬೂಟಿನಿಂದ ಡಾಕ್ಟರು ಇಕ್ಕಳ ಹಾಕಿ ಮೊಳೆ ಕಿತ್ತು, ಇದೆಲ್ಲಿಂದ ಬಂತು ಎಂದು ಕೇಳಿದರು. “ಕಾರ್ಖಾನೆ ಅಂಗಳದಲ್ಲಿ ತುಳಿದಿರ್ಬೇಕು ಸಾರ್” ಎಂದರು ಅಪ್ಪ. ಎರಡು ದಿನ ತಡವಾಗಿದ್ದರೆ ಮೊಣಕಾಲಿನವರೆಗೆ ಕಾಲೇ ಹೋಗುತ್ತಿತ್ತಂತೆ. ಭಾನುವಾರ ಎರಡು ಬೆರಳು ತೆಗೆದರು. ಮೂರು ದಿನ ಜ್ವರ ಇಳಿಯಲೇ ಇಲ್ಲ, ನಾನು ಥರ್ಮಾಮೀಟರ್ ಹಿಡಿದು ಪಕ್ಕದಲ್ಲೇ ಕೂತಿದ್ದೆ. ನಿನ್ನೆ ಇಳಿಯಿತು. ಪಾದ ಉಳಿಯಿತು ಎಂದು ಡಾಕ್ಟರು ಬಾಯಿಬಿಟ್ಟು ಹೇಳಿದ ಮೇಲೆ ತಲೆ ಬಾಚಿಕೊಂಡೆ.

ಟೈಲರಮ್ಮ ನಿನ್ನನ್ನು ಕೇಳಿದರು. ಕಾದ ಎಣ್ಣೆಯ ಹತ್ತಿರ ಜೋಪಾನ. ಹೊತ್ತಿಗೆ ಸರಿಯಾಗಿ ತಿನ್ನು, ನೂರು ಕಾಲ ಚೆನ್ನಾಗಿರು.

ನಿನ್ನ
ಅಕ್ಕ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದೆ. ಅಪ್ಪ ಡಾಕ್ಟರಿಗೆ ಹೇಳಿದ್ದು ಸುಳ್ಳು. ಅದು ನನ್ನ ಹಿತ್ತಾಳೆ ಮೊಳೆ. ಎರಡನೇ ಸಲ ಬೂಟು ತಂದಾಗ ಅಟ್ಟೆಯ ಮುಂಭಾಗ ಬಿಟ್ಟುಕೊಂಡಿತ್ತು, ನಾಲ್ಕು ಮೊಳೆ ಹೊಡೆದೆ. ಗಿರಾಕಿ ಕಾಯುತ್ತಿದ್ದರು, ಒಳಗೆ ಕೈಯಾಡಿಸಿ ನೋಡಲಿಲ್ಲ. ಇವತ್ತು ಆಸ್ಪತ್ರೆಗೆ ಊಟ ಒಯ್ದಾಗ ಅತ್ತು ಹೇಳಿಕೊಂಡೆ. “ಡಾಕ್ಟ್ರು ಎತ್ತಿ ಹಿಡಿದಾಗ್ಲೇ ಗೊತ್ತಾಯ್ತು. ನೀನು ಎದುರಿಗೇ ನಿಂತಿದ್ಯಲ್ಲ, ಹೇಗೆ ಹೇಳ್ಲಿ?” ಎಂದರು. ಕಾಲು ಜೋಮು ಹಿಡಿದು ಊದತೊಡಗಿ ವರ್ಷವಾಯಿತಂತೆ, ನಾನು ಕೆಲಸ ಬಿಡಿಸುತ್ತೇನೆಂದು ಹೆದರಿ ನನ್ನಿಂದ ಮುಚ್ಚಿಟ್ಟಿದ್ದರಂತೆ. ಅವರು ನನ್ನ ತಲೆ ಸವರಿದರು. ಆದರೂ ಸುತ್ತಿಗೆ ಎತ್ತಲು ಕೈ ಬರುತ್ತಿಲ್ಲ, ಆರು ದಿನದಿಂದ ಅಂಗಡಿ ಬಾಗಿಲು ತೆಗೆದಿಲ್ಲ. ಅಪ್ಪನನ್ನು ನೋಡಬೇಕು ಎಂದು ಹೇಳಿ ರಜೆ ಕೇಳು. ನನಗೋಸ್ಕರ ಬಾರೋ.